ಮಂಗೋಲಿಯಾದ ನಾದಮ್ ಹಬ್ಬಕ್ಕೆ ಪರದೇಶದವರು ಹೋಗಬಹುದಾ?

ನನ್ನ ಮಂಗೋಲಿಯಾ ಫೋಟೊಗಳನ್ನು ನೋಡಿದವರು ಕೊನೆಗೆ ಕೇಳುವುದು ಇದೊಂದೇ ಪ್ರಶ್ನೆ: "ಅವರ ಹಬ್ಬ, ಅವರ ಕುದುರೆ, ಅವರ ಜನ. ನಾವು ಹೋಗಿ ನಿಂತರೆ ಮುಜುಗರ ಆಗಲ್ವಾ?"

ಆಗಲ್ಲ. ಧೈರ್ಯವಾಗಿ ಹೋಗಿ. ಆದರೆ ಯಾವ ನಾದಮ್‌ಗೆ ಹೋಗುತ್ತೀರಿ ಅನ್ನುವುದು ಮುಖ್ಯ.

ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ ಮೂರೂ ಸೇರಿದ ಬೇಸಿಗೆ ಹಬ್ಬ ಇದು. 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ದೇಶದ ದೊಡ್ಡ ನಾದಮ್ ಜುಲೈ 11ರಂದು ರಾಜಧಾನಿ ಉಲಾನ್‌ಬಾತರ್‌ನಲ್ಲಿ ಶುರುವಾಗುತ್ತದೆ. 1921ರ ಕ್ರಾಂತಿಯ ನೆನಪಿನ ದಿನವೂ ಅದೇ. ಅಲ್ಲಿ ಟಿಕೆಟ್, ಗ್ಯಾಲರಿ, ಟೂರಿಸ್ಟ್ ಬಸ್ಸು ಎಲ್ಲ ಇದೆ. ಉದ್ಘಾಟನೆ ಚೆಂದವಾಗಿಯೇ ಇರುತ್ತದೆ. ಆದರೂ ನಾನು ಕಳಿಸುವುದು ಸುಮ್‌ಗಳ ನಾದಮ್‌ಗೆ. ಸುಮ್ ಅಂದರೆ ಅಲ್ಲಿನ ತಾಲೂಕು ಅಂದುಕೊಳ್ಳಿ, ವಿಸ್ತಾರದಲ್ಲಿ ಮಾತ್ರ ನಮ್ಮ ತಾಲೂಕಿಗಿಂತ ಎಷ್ಟೋ ದೊಡ್ಡದು, ಜನ ಕೆಲವೇ ಸಾವಿರ. ಹುಲ್ಲುಗಾವಲಿನಲ್ಲಿ ದೂರ ದೂರ ಗೆರ್, ಅಂದರೆ ಉಣ್ಣೆ ಹೊದಿಸಿದ ದುಂಡನೆಯ ಡೇರೆ ಮನೆ, ಹಾಕಿಕೊಂಡು ಕುರಿ, ಮೇಕೆ, ಕುದುರೆ ಮೇಯಿಸುವ ಮನೆಯವರೆಲ್ಲ ಒಂದು ಕಡೆ ಸೇರುವ ದಿನ ಅದು. ಯಾರ ಮಗ ಎಷ್ಟು ಎತ್ತರ ಬೆಳೆದ, ಯಾರ ಕುದುರೆ ಈ ಸಲ ಹೇಗಿದೆ, ಚಳಿಗಾಲದಲ್ಲಿ ಯಾರಿಗೆ ಎಷ್ಟು ನಷ್ಟವಾಯಿತು, ಎಲ್ಲ ಮಾತೂ ಅಲ್ಲೇ. 2023-24ರ ಚಳಿಗಾಲದ 'ಜುದ್'ನಲ್ಲಿ, ಅಂದರೆ ಹಿಮ ಮುಚ್ಚಿ ಮೇವು ಸಿಗದ ಹೊತ್ತಿನಲ್ಲಿ, ದೇಶದಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಅಂಥ ಚಳಿಗಾಲ ದಾಟಿದವರು ಬೇಸಿಗೆಯಲ್ಲಿ ಕೂಡುತ್ತಾರೆ ಅನ್ನುವುದು ಗೊತ್ತಿದ್ದರೆ ಆ ಸಂಭ್ರಮ ಎಲ್ಲಿಂದ ಬಂತು ಅಂತ ತಿಳಿಯುತ್ತದೆ.

ನಾನು ನೋಡಿದ್ದು ಅರ್ಖಂಗಾಯ್ ಪ್ರಾಂತ್ಯದ ಒಂದು ಸುಮ್‌ನಲ್ಲಿ. ಬೇಲಿ ಇಲ್ಲ, ಕುರ್ಚಿ ಇಲ್ಲ. ಜನ ಸುತ್ತ ಹುಲ್ಲಿನ ಮೇಲೆ ಕೂತಿರುತ್ತಾರೆ, ಅವರ ಹಿಂದೆ ಕುದುರೆ ಮೇಲೇ ಕೂತು ಕುಸ್ತಿ ನೋಡುವವರ ಇನ್ನೊಂದು ಸಾಲು. ಕುಸ್ತಿಯಲ್ಲಿ ತೂಕದ ಲೆಕ್ಕ ಇಲ್ಲ. ಮೊಣಕಾಲೋ ಮೊಣಕೈಯೋ ನೆಲ ಮುಟ್ಟಿದರೆ ಸೋಲು. ಸೋತವನು ಗೆದ್ದವನ ತೋಳಿನ ಕೆಳಗೆ ಹಾದು ಹೋಗುತ್ತಾನೆ, ಗೆದ್ದವನು ಎರಡೂ ಕೈ ಚಾಚಿ ಹಕ್ಕಿಯ ಹಾಗೆ ಕುಣಿಯುತ್ತಾನೆ.

ಕುದುರೆ ಓಟದ ಬಗ್ಗೆ ಜಾಸ್ತಿ ಹೇಳಬೇಕು. ನಮಗೆ ಗೊತ್ತಿರುವ ರೇಸ್‌ಕೋರ್ಸ್ ಅದಲ್ಲ. ಕುದುರೆಗಳನ್ನು ವಯಸ್ಸಿನ ಮೇಲೆ ಗುಂಪು ಮಾಡುತ್ತಾರೆ. ಎರಡು ವರ್ಷದ ಮರಿಗಳು ಸುಮಾರು 10 ಕಿಲೋಮೀಟರ್ ಓಡಿದರೆ, ಬೆಳೆದ ಕುದುರೆಗಳು 25 ಕಿಲೋಮೀಟರ್‌ವರೆಗೂ ಓಡುತ್ತವೆ. ಶುರುವಾಗುವ ಜಾಗ ಕಣ್ಣಿಗೇ ಕಾಣಲ್ಲ. ಸುಮ್ನೆ ಕಾಯಬೇಕು. ಆಮೇಲೆ ದೂರದಲ್ಲಿ ಧೂಳು, ಯಾರೋ ಕೂಗುತ್ತಾರೆ, ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಗುರಿ ಮುಟ್ಟಿದ ಕುದುರೆಯ ಮೈ ಬೆವರನ್ನು ಉದ್ದನೆಯ ಮರದ ಪಟ್ಟಿಯಿಂದ ಕತ್ತಿನಿಂದ ಬೆನ್ನಿನವರೆಗೆ ಕೆರೆದು ತೆಗೆಯುತ್ತಾರೆ. ಆ ಬೆವರು, ಆ ಧೂಳು ಮೈಗೆ ತಾಗಿದರೆ ಒಳ್ಳೆಯದು ಅನ್ನುವ ನಂಬಿಕೆ, ಹಾಗಾಗಿ ಮುದುಕರು, ಮಕ್ಕಳು ನುಗ್ಗಿ ಬರುತ್ತಾರೆ. ಮೊದಲ ಐದು ಕುದುರೆಗಳಿಗೆ ಐರಗ್, ಅಂದರೆ ಹುಳಿ ಬಂದ ಕುದುರೆ ಹಾಲು, ಮೈಮೇಲೆ ಸುರಿದು ಗೌರವ ಮಾಡುತ್ತಾರೆ. ಎರಡು ವರ್ಷದ ಮರಿಗಳ ಓಟದಲ್ಲಿ ಎಲ್ಲರಿಗಿಂತ ಕೊನೆಗೆ ಬಂದದ್ದಕ್ಕೂ ಹಾಡಿದೆ! 'ತುಂಬಿದ ಹೊಟ್ಟೆ' ಅಂತ ಆ ಮರಿಗೆ ಹೆಸರು. ಈ ಸಲ ಆಗಲಿಲ್ಲ, ಮುಂದಿನ ಸಲ ಮೊದಲು ಬಾ ಅಂತ ಹರಸುತ್ತಾರೆ. ಇಡೀ ಹಬ್ಬದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಸವಾರರು ಮಕ್ಕಳು. ಇದನ್ನು ಮುಚ್ಚಿಡುವುದು ಸರಿಯಲ್ಲ. ಕಾನೂನಿನ ಪ್ರಕಾರ ಏಳು ವರ್ಷ ತುಂಬಿರಬೇಕು, ಹೆಲ್ಮೆಟ್, ವಿಮೆ ಎರಡೂ ಕಡ್ಡಾಯ. ಆದರೂ ಮಕ್ಕಳು ಬೀಳುತ್ತಾರೆ, ಗಾಯ ಆಗುತ್ತದೆ. ಯುನಿಸೆಫ್ ಕೂಡ ಈ ಬಗ್ಗೆ ಕಳವಳ ಹೇಳಿದೆ, ಮಂಗೋಲಿಯಾದ ಒಳಗೇ ಇದರ ಬಗ್ಗೆ ಜೋರು ಚರ್ಚೆ ಇದೆ. ಆ ಮಕ್ಕಳು ನಡೆಯಲು ಕಲಿತಾಗಿನಿಂದ ಕುದುರೆ ಜೊತೆ ಬೆಳೆದವರು, ನಿಜ. ಆದರೂ 25 ಕಿಲೋಮೀಟರ್ ಓಟಕ್ಕೆ ಚಿಕ್ಕ ಮಗುವನ್ನು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ, ವಯಸ್ಸಿನ ಮಿತಿ ಇನ್ನೂ ಏರಬೇಕು. ನಿಮಗೆ ನೋಡಲು ಕಷ್ಟವಾದರೆ ಬಿಲ್ಲುಗಾರರ ಕಡೆ ಹೋಗಿ. ಅಲ್ಲಿ ಹೆಂಗಸರೂ ಸ್ಪರ್ಧಿಸುತ್ತಾರೆ. ಬಾಣ ಗುರಿಗೆ ಬಿದ್ದಾಗ ಗುರಿಯ ಹತ್ತಿರವೇ ನಿಂತ ತೀರ್ಪುಗಾರರು ಕೈ ಎತ್ತಿ "ಉಹೈ" ಅಂತ ರಾಗವಾಗಿ ಕೂಗುತ್ತಾರೆ.

ಈಗ ಮುಜುಗರದ ಮಾತು. ಅಷ್ಟು ವಿರಳವಾಗಿ ಜನ ಇರುವ ನಾಡಿನಲ್ಲಿ ಬಂದವರಿಗೆ ಬಾಗಿಲು ಮುಚ್ಚುವ ಪದ್ಧತಿ ಇಲ್ಲ, ನಿಮ್ಮನ್ನು ಗೆರ್ ಒಳಗೆ ಕರೆದೇ ಕರೆಯುತ್ತಾರೆ. ಹೊಸ್ತಿಲು ತುಳಿಯಬೇಡಿ, ಇದು ನಮಗೆ ಹೇಳಿಕೊಡಬೇಕಾಗಿಲ್ಲ. ಒಳಗೆ ಹೋದವರು ಎಡಕ್ಕೆ ಸರಿದು ಕೂರಬೇಕು. ನಡುವಿನ ಎರಡು ಕಂಬಗಳ ಮಧ್ಯೆ ಹಾಯಬಾರದು, ಒಲೆಗೆ ಕಸ ಹಾಕಬಾರದು. ಏನೇ ಕೊಟ್ಟರೂ ಬಲಗೈಯಲ್ಲಿ ತೆಗೆದುಕೊಳ್ಳಿ, ಎಡಗೈಯನ್ನು ಬಲ ಮೊಣಕೈಗೆ ಆಸರೆಯಾಗಿ ಹಿಡಿಯಿರಿ. ನನಗೆ ಒಬ್ಬ ಹಿರಿಯರು ನಶ್ಯದ ಬುಡ್ಡಿ ಕೊಟ್ಟರು. ಅಂಗೈಯಷ್ಟು ದೊಡ್ಡ ಕಲ್ಲಿನ ಬುಡ್ಡಿ, ಕೈಯಿಂದ ಕೈಗೆ ದಾಟಿ ನುಣುಪಾದದ್ದು. ನಶ್ಯ ಏರಿಸಲೇಬೇಕು ಅಂತಿಲ್ಲ, ಮೂಸಿ ನೋಡಿ ವಾಪಸ್ ಕೊಟ್ಟರೂ ಸಾಕು. ಭಾರತದವನು ಅಂದ ಕೂಡಲೇ ಅವರ ಮಾತು ಬೌದ್ಧ ಮಠಗಳ ಕಡೆ ತಿರುಗಿತು. ನಮ್ಮ ಮುಂಡಗೋಡಿನ ಗೋಮಾಂಗ್ ಮಠದಲ್ಲಿ ಮಂಗೋಲಿಯಾದ ಭಿಕ್ಷುಗಳು ಓದುತ್ತಾರೆ, ನಾನು ಬಂದದ್ದು ಅದೇ ರಾಜ್ಯದಿಂದ ಅಂತ ನನ್ನ ಜೊತೆಗಿದ್ದ ಗಾಡಿ ಚಾಲಕರು ಭಾಷಾಂತರ ಮಾಡಿದ ಮೇಲೆ ನನ್ನ ಬಟ್ಟಲು ಖಾಲಿಯಾಗಲು ಅವರು ಬಿಡಲೇ ಇಲ್ಲ.

ಬಟ್ಟಲಲ್ಲಿ ಇದ್ದದ್ದು ಐರಗ್. ಹುಳಿ, ಸ್ವಲ್ಪ ಅಮಲು, ಹೊಸಬರ ಹೊಟ್ಟೆಗೆ ಒಗ್ಗದೆಯೂ ಹೋಗಬಹುದು. ಬೇಡ ಅಂತ ದೂಡಬೇಡಿ, ತುಟಿಗೆ ತಾಗಿಸಿ ವಾಪಸ್ ಕೊಡಿ. ಹಬ್ಬದ ತಿಂಡಿ ಖೂಷೂರ್, ಒಳಗೆ ಮಾಂಸ ತುಂಬಿ ಕರಿದದ್ದು. ಸಸ್ಯಾಹಾರಿಗಳಿಗೆ ಉಪ್ಪು ಹಾಕಿದ ಹಾಲಿನ ಚಹಾ, ಒಣಗಿಸಿದ ಗಟ್ಟಿ ಮೊಸರಿನ ತುಂಡು, ಕೆನೆ ಸಿಗುತ್ತದೆ. ಹೊಟ್ಟೆ ತುಂಬಬೇಕಾದರೆ ಚಟ್ನಿಪುಡಿ, ಅವಲಕ್ಕಿ ಜೊತೆಗಿರಲಿ. ನನಗಂತೂ ಉಪಯೋಗವಾಯಿತು.

ಫೋಟೊ ತೆಗೆಯುವ ಮುಂಚೆ ಕೇಳಿ, ಮಕ್ಕಳದ್ದಾದರೆ ಅಪ್ಪ ಅಮ್ಮನನ್ನು ಕೇಳಿ. ಡ್ರೋನ್ ಹಾರಿಸಬೇಡಿ, ಕುದುರೆ ಬೆದರುತ್ತವೆ. ಗುರಿಯ ಹತ್ತಿರ ಓಟದ ದಾರಿಗೆ ಇಳಿಯಲೇಬೇಡಿ. ಗೆರ್‌ಗೆ ಬರಿಗೈಯಲ್ಲಿ ಹೋಗಬೇಡಿ, ಒಂದು ಸಿಹಿ ಪೊಟ್ಟಣ ಆದರೂ ಸಾಕು. ಸುಮ್ ನಾದಮ್‌ನ ದಿನ ಊರಿಂದ ಊರಿಗೆ ಬೇರೆ, ರಾಜಧಾನಿಯದಕ್ಕಿಂತ ಮುಂಚೆಯೂ ಇರಬಹುದು, ಆಮೇಲೂ ಇರಬಹುದು. ಹಾಗಾಗಿ ಟಿಕೆಟ್ ಬುಕ್ ಮಾಡುವಾಗ ಜುಲೈನ ಮೊದಲೆರಡು ವಾರ ಪೂರ್ತಿ ಬಿಡುವು ಇಟ್ಟುಕೊಳ್ಳಿ, ಅಲ್ಲಿ ಇಳಿದ ಮೇಲೆ ಹಳ್ಳಿ ಕಡೆ ಸಂಬಂಧ ಇರುವ ಚಾಲಕರನ್ನು ಹಿಡಿದು ಅವರ ಊರಿನ ನಾದಮ್ ಯಾವತ್ತು ಅಂತ ಕೇಳಿ.