ಬಲಗಡೆಗೆ ಖಡ್ಗ ಕಟ್ಟಿದ ಅಧಿಕಾರಿ

ಮಡಿಕೇರಿಯ ಮಳೆಗಾಲದಲ್ಲಿ ಹತ್ತೊಂಬತ್ತನೆಯ ಶತಮಾನದ ಸೇನಾಧಿಕಾರಿಗಳ ಛಾಯಾಚಿತ್ರಗಳನ್ನು, ಅದರಲ್ಲೂ ಅಂಗೈಯಗಲದ ಚರ್ಮದ ಪೆಟ್ಟಿಗೆಗಳಲ್ಲಿ ಕೂತಿರುವವುಗಳನ್ನು, ಬೂಷ್ಟು ಹಿಡಿಯದಂತೆ ಕಾಯುವುದು ಸುಲಭದ ಕೆಲಸವಲ್ಲ. ಇಂದು ಮಳೆ ಬಿಡುವು ಕೊಟ್ಟದ್ದರಿಂದ ಒಂದನ್ನು ತೆರೆದೆ. ಒಂದು ಮಗ್ಗುಲಿಗೆ ಕೆಂಪು ಮಖಮಲ್ಲು, ಇನ್ನೊಂದಕ್ಕೆ ಹಿತ್ತಾಳೆಯ ಚೌಕಟ್ಟಿನೊಳಗೆ ಬ್ರಿಟಿಷ್ ಅಧಿಕಾರಿ. ತುಸು ವಾಲಿಸಿದರೆ ಆತ ಮಾಯವಾಗಿ ನನ್ನ ಮುಖವೇ ಕಾಣುತ್ತದೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಬಹಿರಂಗಗೊಂಡ ಡಾಗೆರೋಟೈಪ್ ವಿಧಾನದ ಗುರುತೇ ಇದು: ಬೆಳ್ಳಿ ಲೇಪಿಸಿದ ತಾಮ್ರದ ತಟ್ಟೆಯನ್ನು ಹೊಳೆಯುವಂತೆ ಉಜ್ಜಿ, ಅಯೋಡಿನ್ ಹಬೆಗೆ ಒಡ್ಡಿ, ಕ್ಯಾಮೆರಾದಿಂದ ತೆಗೆದ ಮೇಲೆ ಪಾದರಸದ ಹಬೆಯಲ್ಲಿ ಚಿತ್ರ ಮೂಡಿಸುತ್ತಿದ್ದರು. 1850ರ ದಶಕದ ಆಂಬ್ರೋಟೈಪ್ ಎಂಬ ಇನ್ನೊಂದು ಬಗೆಯ ಛಾಯಾಚಿತ್ರ ಗಾಜಿನದು, ಅಗ್ಗದ್ದು. ನನಗೆ ಅದರ ಮೇಲೆ ಅಷ್ಟು ಒಲವಿಲ್ಲ.

ಚಿತ್ರ ಎಡಬಲ ತಿರುಗಿ ಮೂಡುವುದರಿಂದ ಎಡ ಸೊಂಟದ ಖಡ್ಗ ಬಲಕ್ಕೆ ಕಾಣುತ್ತದೆ. ಗುಂಡಿಗಳಿಗೆ ಸಣ್ಣ ಕುಂಚದಿಂದ ಮುಟ್ಟಿಸಿದ ಚಿನ್ನದ ಬಣ್ಣ ಇನ್ನೂ ಮಾಸಿಲ್ಲ. ಮಾರುವವರು ಹೇಳುವ ಹೆಸರು, ಪದವಿಗಳನ್ನು ನಂಬುವ ಮೊದಲು ಗುಂಡಿಯ ಮೇಲಿನ ರೆಜಿಮೆಂಟಿನ ಸಂಖ್ಯೆಯನ್ನು ಭೂತಗನ್ನಡಿಯಲ್ಲಿ ಓದಬೇಕು, ಅದನ್ನೂ ತಿರುಗುಮುರುಗಾಗಿ.

ಬಹಳಷ್ಟು ಮನೆಗಳ ಗೋಡೆಯಲ್ಲಿ ಸಮವಸ್ತ್ರದ ಹಿರಿಯರು ತೂಗುವ ಕೊಡಗಿನಲ್ಲಿ ಪರಕೀಯ ಅಧಿಕಾರಿಗಳನ್ನು ದುಡ್ಡು ಕೊಟ್ಟು ತರುವುದು ನಮ್ಮವರಿಗೆ ವಿಚಿತ್ರವೇ. ‘ಇವನು ಯಾವ ಒಕ್ಕದವ?’ ಎಂದು, ಅಂದರೆ ಯಾವ ಮನೆತನದವನೆಂದು, ಚಿಕ್ಕಮ್ಮ ಕೇಳುತ್ತಾರೆ. ಕೊಡಗು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು, ಈ ಡಾಗೆರೋಟೈಪ್ ವಿದ್ಯೆ ಹೊರಬಿದ್ದದ್ದು ಐದು ವರ್ಷಗಳ ಬಳಿಕ. ಹಾಗಾಗಿ ಆಗ ಕಂಪನಿಯ ದಂಡಿನೊಂದಿಗೆ ಮಡಿಕೇರಿಗೆ ಬಂದವರ ಅಂದಿನ ಮುಖ ಇಂಥ ಪೆಟ್ಟಿಗೆಯಲ್ಲಿ ಸಿಗಲಾರದು. ಅವರಲ್ಲೊಬ್ಬರು ವಯಸ್ಸಾದ ಮೇಲಾದರೂ ಕ್ಯಾಮೆರಾದ ಮುಂದೆ ಕೂತಿರಬಹುದೆಂಬ ಆಸೆಯಿಂದ ಹರಾಜಿನ ಪಟ್ಟಿಗಳನ್ನು ತಿರುವುತ್ತಿರುತ್ತೇನೆ.