ಸಿಗಡಿ ಕೊಳ್ಳದ ಭಾನುವಾರ

2025ರ ಏಪ್ರಿಲ್ 12, ಶನಿವಾರ. ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಮ್ಮಿನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್. ನಮ್ಮ ಬೆಂಗಳೂರು ಎಫ್‌ಸಿ ಮೋಹನ್ ಬಗಾನ್ ಎದುರು 2-1ರಿಂದ ಸೋತಿತು. ಆಟದ ಬಗ್ಗೆ ಉದ್ದಕ್ಕೆ ಬರೆಯಲು ಮನಸ್ಸಿಲ್ಲ. ವಿರಾಮ ಮುಗಿದ ಸ್ವಲ್ಪ ಹೊತ್ತಿಗೆ ಅವರದೇ ಡಿಫೆಂಡರ್‌ಗೆ ತಾಗಿ ಚೆಂಡು ಗೂಡು ಸೇರಿತು, ನಾವು ಕುಣಿದೆವು. 72ನೇ ನಿಮಿಷಕ್ಕೆ ಪೆನಾಲ್ಟಿ, ಕಮಿಂಗ್ಸ್ ಗೋಲು. ಹೆಚ್ಚುವರಿ ಅವಧಿ ಶುರುವಾಗಿ ಉಸಿರು ಬಿಡುವಷ್ಟರಲ್ಲಿ ಮೆಕ್ಲಾರೆನ್ ಇನ್ನೊಂದು ಹಾಕಿ ಕಥೆ ಮುಗಿಸಿದ. 2023ರಲ್ಲೂ ಗೋವಾದಲ್ಲಿ ಇದೇ ಕ್ಲಬ್ಬಿಗೆ ಫೈನಲ್‌ನಲ್ಲಿ ಶೂಟೌಟ್‌ನಲ್ಲಿ ಸೋತಿದ್ದೆವು. ಈ ಸಲ ಸುತ್ತ ಹಸಿರು-ಮರೂನ್ ಬಣ್ಣದ ಸುಮಾರು ಅರವತ್ತು ಸಾವಿರ ಜನ. ಒಂದು ಮೂಲೆಯಲ್ಲಿ ನೀಲಿ ಅಂಗಿಯ ನಾವು ಒಂದಿಷ್ಟು ಮಂದಿ.

ಇಲ್ಲಿ ಒಂದು ಮಾತು ಹೇಳಲೇಬೇಕು, ನೆನೆದರೆ ಈಗಲೂ ಮೈ ಉರಿಯುತ್ತದೆ. ಈ ಸ್ಟೇಡಿಯಮ್ಮಿಗೆ ಹೋಗುವವರು ಚೀಲ ಒಯ್ಯಬೇಡಿ. ಸಣ್ಣದೂ ಬೇಡ. ನೀರಿನ ಬಾಟಲಿ, ಪವರ್ ಬ್ಯಾಂಕ್ ಯಾವುದನ್ನೂ ಬಿಡುವುದಿಲ್ಲ. ಗೇಟಿನಲ್ಲಿ ಕಾವಲುಗಾರ ಬೆರಳು ತೋರಿಸಿದ ಕಡೆ ರಸ್ತೆಯಾಚೆ ಒಂದು ಗೂಡಂಗಡಿ. ಅಲ್ಲಿ ನೂರು ರೂಪಾಯಿ ಕೊಟ್ಟು ಚೀಲ ಇಟ್ಟೆ. ಅಂಗಡಿಯವ 'ಆಟ ಮುಗಿಯುವವರೆಗೂ ಇಲ್ಲೇ ಇರ್ತೀನಿ' ಅಂದಿದ್ದ. ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು, ಅವನು ಮನೆಗೆ ಹೋದ. ಶಟರ್ ಎಳೆದಿತ್ತು. ಹೋಟೆಲ್ ರೂಮಿನ ಕೀ ಅದೇ ಚೀಲದಲ್ಲಿ. ಇಡಲೇಬೇಕಾಗಿ ಬಂದರೆ ಅಂಗಡಿಯವನ ಫೋನ್ ನಂಬರ್ ತಗೊಂಡೇ ಇಡಿ.

ಹಾಗಾಗಿ ರಾತ್ರಿ ಹನ್ನೊಂದು ದಾಟಿದ ಮೇಲೂ, ಸೋತ ತಂಡದ ಅಂಗಿ ತೊಟ್ಟು, ಗೆದ್ದವರ ಊರಿನ ರಸ್ತೆ ಬದಿ ನಿಂತಿದ್ದೆ. ಲಾರಿಗಳ ಮೇಲೆ ಹುಡುಗರು ಬಾವುಟ ಬೀಸುತ್ತ, 'ಜಯ್ ಮೋಹನ್ ಬಗಾನ್' ಅಂತ ಕೂಗುತ್ತ ಹೋಗುತ್ತಿದ್ದರು. ಯಾರೂ ನನ್ನನ್ನು ಕೆಣಕಲಿಲ್ಲ. ನಾನು ಅವರ ಲೆಕ್ಕಕ್ಕೇ ಇರಲಿಲ್ಲ.

ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಅರವತ್ತು ದಾಟಿದವರೊಬ್ಬರು ಕೂತಿದ್ದರು. ನನ್ನ ಅಂಗಿಯನ್ನು ಒಂದು ಸಲ ನೋಡಿ, ಸರಿದು ಜಾಗ ಮಾಡಿದರು. ಹಿಂದಿಯಲ್ಲಿ, 'ನಿಮಗಿಂತ ನನಗೆ ಜಾಸ್ತಿ ಬೇಜಾರಾಗಿದೆ' ಅಂದರು. ಸಮಾಧಾನಕ್ಕೆ ಆಡಿದ ಮಾತು ಅಂದುಕೊಂಡೆ. ಅಲ್ಲ. ಅವರು ಮೋಹನ್ ಬಗಾನ್‌ನ ಹಳೇ ವೈರಿ, ಇದೇ ಊರಿನ ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿ. ಟಿವಿಯ ಸದ್ದು ಅಡಗಿಸಿ ಆಟ ನೋಡಿದ್ದರಂತೆ, ನಮ್ಮ ಗೋಲಿಗೆ ಒಬ್ಬರೇ ಎದ್ದು ನಿಂತಿದ್ದರಂತೆ. ಮೆಕ್ಲಾರೆನ್ ಗೋಲಾದ ಮೇಲೆ ಮಹಡಿ ಮನೆಯವರ ಪಟಾಕಿ ತಡೆಯಲಾರದೆ ಚಪ್ಪಲಿ ಮೆಟ್ಟಿ ಹೊರಬಂದವರು ಅಲ್ಲೇ ಕೂತುಬಿಟ್ಟಿದ್ದರು.

ದಾದಾ ಅಂತ ಕರೆದೆ. 'ನನ್ನ ಮಗಳು ನಿಮ್ಮ ಬೆಂಗಳೂರಿನಲ್ಲೇ ಕೆಲಸದಲ್ಲಿರೋದು, ಕಾಕು ಅನ್ನಿ' ಅಂದರು, ಅಂದರೆ ಚಿಕ್ಕಪ್ಪ. ಚೀಲದ ಕಥೆ ಕೇಳಿ ಎದ್ದರು. ಅಂಗಡಿಯವನ ಮನೆ ಅವರಿಗೆ ಗೊತ್ತಿತ್ತು. ಎರಡು ಗಲ್ಲಿ ದಾಟಿ, ಬಾಗಿಲು ತಟ್ಟಿ, ನಿದ್ದೆಗಣ್ಣಿನಲ್ಲಿ ಬಂದವನಿಗೆ ಬಂಗಾಳಿಯಲ್ಲಿ ಏನೇನೋ ಅಂದರು. ಚೀಲ ಸಿಕ್ಕಿತು. 'ಅವನೂ ಮೋಹನ್ ಬಗಾನ್‌ನವನೇ, ಇವತ್ತು ನಾನು ಬೈದರೂ ನಗ್ತಾನೆ ನೋಡಿ' ಅಂದರು. ಅವನು ನಿಜಕ್ಕೂ ನಗುತ್ತಿದ್ದ. ಬೆಳಿಗ್ಗೆ ಮಾನಿಕ್‌ತಲಾ ಮಾರುಕಟ್ಟೆಗೆ ಬನ್ನಿ, ಸೋತವರ ಭಾನುವಾರ ಹೇಗಿರುತ್ತೆ ತೋರಿಸ್ತೀನಿ ಅಂತ ಹೇಳಿ ಹೋದರು.

ಈ ಎರಡು ಕ್ಲಬ್ಬುಗಳ ಜಗಳದ ಬೇರು ಆಟದಾಚೆಗೂ ಇದೆ. ಮೋಹನ್ ಬಗಾನ್ 1889ರದು. 1911ರಲ್ಲಿ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿದ್ದು ಇದೇ ಕ್ಲಬ್ಬು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಅಂದು ಬರಿಗಾಲಿನಲ್ಲಿ ಆಡಿದ್ದರು. ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರಲ್ಲಿ, ಪೂರ್ವ ಬಂಗಾಳದ ಆಟಗಾರನೊಬ್ಬನನ್ನು ಊರಿನ ಇನ್ನೊಂದು ಕ್ಲಬ್ಬು ತಂಡದಿಂದ ಕೈಬಿಟ್ಟ ಸಿಟ್ಟಿನಲ್ಲಿ. ದೇಶ ಇಬ್ಭಾಗವಾದಾಗ ಆ ಕಡೆಯಿಂದ ಬರಿಗೈಲಿ ಬಂದವರಿಗೆ ಕೆಂಪು-ಹಳದಿ ಬಾವುಟವೇ ಊರಾಯಿತು. ಅವರು ಬಾಂಗಾಲ್, ಈ ಕಡೆಯ ಮೂಲದವರು ಘೋಟಿ. ಬಾಂಗಾಲರಿಗೆ ಹಿಲ್ಸಾ ಮೀನು, ಘೋಟಿಗಳಿಗೆ ಸಿಗಡಿ. ಯಾರು ಗೆದ್ದರೋ ಅವರ ಮೀನಿಗೆ ಮರುದಿನ ಬೆಲೆ ಏರುತ್ತದೆ. ಕಾಕು ಅವರ ತಂದೆ ಪೂರ್ವ ಬಂಗಾಳದ ಬಾರಿಸಾಲ್‌ನಿಂದ ಬಂದವರು.

ಭಾನುವಾರ ಬೆಳಿಗ್ಗೆ ಮಾನಿಕ್‌ತಲಾದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಳಗೆ ನೀರು, ಮೇಲೆ ಹಳದಿ ಬಲ್ಬು. ಮೀನಿನವರು ಎತ್ತರದ ಕಟ್ಟೆ ಮೇಲೆ ಕೂತು, ಆಳುದ್ದದ ಈಳಿಗೆಯ ಬುಡವನ್ನು ಪಾದದಲ್ಲಿ ಒತ್ತಿ ಹಿಡಿದು, ಎರಡು ಕೈಯಲ್ಲೂ ಮೀನನ್ನು ಅಲುಗಿಗೆ ತಳ್ಳುತ್ತಾರೆ. ಒಬ್ಬ ಕಾಟ್ಲಾದ ತಲೆಯನ್ನು ಸರಿಯಾಗಿ ನಡುವೆ ಸೀಳಿದ, ಕಣ್ಣೊಂದು ಈ ಕಡೆ, ಕಣ್ಣೊಂದು ಆ ಕಡೆ. ಒಂದು ಹನಿ ರಕ್ತವೂ ಅವನ ಅಂಗಿಗೆ ಸಿಡಿಯಲಿಲ್ಲ. ಉಡುಪಿ ಕಡೆಯಲ್ಲಿ ಬಂಗುಡೆ, ಅಂಜಲ್ ತಿಂದು ಬೆಳೆದ ನನಗೆ ಈ ಹೊಳೆಮೀನು ಸಪ್ಪೆ. ಮುಳ್ಳು ಬೇರೆ, ಮೇಲೆ ಮೂಗಿಗೇರುವ ಸಾಸಿವೆ. ಆದರೆ ಕೊಯ್ಯುವ ಕೈಚಳಕಕ್ಕೆ ಮಾತ್ರ ನಮ್ಮ ಮಲ್ಪೆಯವರೂ ತಲೆಬಾಗಬೇಕು.

ಕಾಕು ಚೀಲ ಹಿಡಿದು ಮುಂದೆ ಮುಂದೆ ಹೋದರು. ಅವರ ಖಾಯಂ ಮೀನಿನವ ಸಿಗಡಿ ರಾಶಿಯ ಮೇಲೆ ಹಸಿರು-ಮರೂನ್ ಪುಟ್ಟ ಬಾವುಟ ಸಿಕ್ಕಿಸಿದ್ದ. ಕಾಕುವನ್ನು ಕಂಡವನೇ ಮುಖದ ಒಂದು ಗೆರೆಯೂ ಅಲುಗದಂತೆ, 'ಚಿಂಗ್ರಿ (ಸಿಗಡಿ) ಕೊಡಲಾ ದಾದಾ? ನಿಮಗೆ ಅಂತ ದೊಡ್ಡದು ಎತ್ತಿಟ್ಟಿದೀನಿ' ಅಂದ. ಸುತ್ತ ನಿಂತವರು ತಲೆ ತಗ್ಗಿಸಿ ನಕ್ಕರು. ಕಾಕು ರೋಹು ಒಂದು ಕಿಲೋ ಅಂದರು. ತೂಗುವಾಗ ಅವನು ಮತ್ತೆ, 'ಹಿಲ್ಸಾ ಇದೆ, ಆದರೆ ಐಸಿನದು. ಬಹಳ ವರ್ಷದಿಂದ ಐಸಿನಲ್ಲೇ ಇದೆ' ಅಂದ. ಈ ಸಲ ಕಾಕುವಿಗೂ ನಗು ತಡೆಯಲಾಗಲಿಲ್ಲ.

ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ನಿಂತ ಮೇಲೆ ಮಾತು ನಿಲ್ಲಲಿಲ್ಲ. ಬೆಳಗಿನ ಬಿಸಿಲು ಏರುವವರೆಗೂ ಅಲ್ಲೇ ಇದ್ದೆವು.

'ನೋಡಿ, ನೀವು ನಿನ್ನೆ ಸೋತಿರಿ, ನಾಳೆ-ನಾಡಿದ್ದರಲ್ಲಿ ವಿಮಾನ ಹತ್ತಿ ಹೋಗ್ತೀರಿ. ನಿಮ್ಮ ಬೀದೀಲಿ ಇದನ್ನ ಯಾರೂ ಎತ್ತಲ್ಲ. ನಾನು ಗೆದ್ದವರ ಮಧ್ಯೆನೇ ಬದುಕಬೇಕು' ಅಂದರು. ಅವರ ಮಾತು ಬಿಡಿಸಿ ಕೇಳಿದರೆ ಲೆಕ್ಕ ಹೀಗೆ: ಫೆಬ್ರುವರಿಯಲ್ಲಿ ಮೋಹನ್ ಬಗಾನ್, ಲೀಗ್ ಹಂತದ ಅಗ್ರಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡ್ ಗೆದ್ದಿತು, ಹಿಂದಿನ ವರ್ಷವೂ ಗೆದ್ದದ್ದೇ. ಈಗ ಕಪ್ಪೂ ಬಂತು. ಈಸ್ಟ್ ಬೆಂಗಾಲ್ ಐಎಸ್‌ಎಲ್‌ಗೆ ಬಂದಾಗಿನಿಂದ ಒಂಬತ್ತನೇ ಜಾಗವೇ ಗತಿ, ಒಂದು ವರ್ಷ ಕಟ್ಟಕಡೆಯದು. ಆ ಲೀಗಿನಲ್ಲಿ ಡರ್ಬಿ, ಅಂದರೆ ಈ ಎರಡು ಕ್ಲಬ್ಬುಗಳ ಮುಖಾಮುಖಿ, ಒಂದನ್ನೂ ಅಲ್ಲಿಯವರೆಗೆ ಗೆದ್ದಿರಲಿಲ್ಲ.

'ಮತ್ತೆ ಹೇಗೆ ತಡ್ಕೋತೀರಿ?'

ಕಾಕುವಿನ ಹತ್ತಿರ ಉಪಾಯಗಳಿದ್ದವು. ಮೊದಲನೆಯದು, ಭಾನುವಾರದ ಪೇಪರನ್ನು ಹಿಂದಿನ ಪುಟದಿಂದ ತೆರೆಯದಿರುವುದು. ಇನ್ನೊಂದು, ಅದು ಮೋಹನ್ ಬಗಾನೇ ಅಲ್ಲ ಅಂತ ವಾದಿಸುವುದು. 2020ರಲ್ಲಿ ಎಟಿಕೆ ಅನ್ನುವ ಇದೇ ಊರಿನ ಐಎಸ್‌ಎಲ್ ಕ್ಲಬ್ಬಿನ ಜೊತೆ ಸೇರಿ ಹೆಸರೇ ಎಟಿಕೆ ಮೋಹನ್ ಬಗಾನ್ ಆಗಿತ್ತಲ್ಲ, ಅದನ್ನು ಕಿತ್ತುಹಾಕಿ ಅಂತ ಅವರದೇ ಅಭಿಮಾನಿಗಳು ಬೀದಿಗಿಳಿದಿದ್ದರು, 2023ರಲ್ಲಿ ಕಿತ್ತರು. 'ಅದು ಕಂಪನಿ ಟೀಮು ಅಂತ ನಾನೂ ಹೇಳ್ತೀನಿ. ಆದರೆ ಮನೇಲಿ ಹೆಂಡತಿ ಕೇಳ್ತಾಳೆ, ನಿಮಗೂ ಒಂದು ಕಂಪನಿ ಬಂತು, ಹೋಯ್ತು, ಇನ್ನೊಂದು ಬಂದಿದೆ, ಅವರ ದುಡ್ಡು ಯಾಕೆ ಓಡಲ್ಲ ಅಂತ. ಅದಕ್ಕೆ ಉತ್ತರ ಇಲ್ಲ.'

ಹಳೇ ಗೆಲುವುಗಳ ಪಾರಾಯಣವೂ ಉಂಟು. 1997ರ ಫೆಡರೇಷನ್ ಕಪ್ ಸೆಮಿಫೈನಲ್, ಇದೇ ಸಾಲ್ಟ್ ಲೇಕಿನಲ್ಲಿ 1,31,000 ಜನ, ಭೈಚುಂಗ್ ಭುಟಿಯಾ ಹ್ಯಾಟ್ರಿಕ್, 4-1. ಜಕಾರ್ತದಲ್ಲಿ 2003ರ ಆಸಿಯಾನ್ ಕ್ಲಬ್ ಕಪ್. 2024ರ ಜನವರಿಯಲ್ಲಿ ಭುವನೇಶ್ವರದ ಸೂಪರ್ ಕಪ್, ಹನ್ನೆರಡು ವರ್ಷದ ನಂತರ ಬಂದ ರಾಷ್ಟ್ರಮಟ್ಟದ ಟ್ರೋಫಿ. 'ನಮ್ಮ ಹುಡುಗಿಯರನ್ನ ನೋಡಿ' ಅಂತಲೂ ಹೆಮ್ಮೆಪಟ್ಟರು. ಆ ಹೆಮ್ಮೆ ಸುಳ್ಳಲ್ಲ, ಅದೇ ಏಪ್ರಿಲ್‌ನಲ್ಲಿ ಈಸ್ಟ್ ಬೆಂಗಾಲ್ ಮಹಿಳೆಯರು ಇಂಡಿಯನ್ ವುಮೆನ್ಸ್ ಲೀಗ್ ಗೆದ್ದಿದ್ದರು.

ಪಾರಾಯಣ 1975ಕ್ಕೆ ಬಂದಾಗ ದನಿ ಬದಲಾಯಿತು. ಸೆಪ್ಟೆಂಬರ್ 30, ಐಎಫ್‌ಎ ಶೀಲ್ಡ್ ಫೈನಲ್, ಈಸ್ಟ್ ಬೆಂಗಾಲ್ 5, ಮೋಹನ್ ಬಗಾನ್ 0. ಕಾಕು ಆಗ ಹೈಸ್ಕೂಲ್ ಹುಡುಗ. ಅಪ್ಪ ಹಿಲ್ಸಾ ತಂದಿದ್ದರು, ಬೀದಿಯೆಲ್ಲ ಎಣ್ಣೆಯ ವಾಸನೆ. ಸೋಲು ತಾಳಲಾರದೆ ಮೋಹನ್ ಬಗಾನ್‌ನ ಅಭಿಮಾನಿ ಹುಡುಗನೊಬ್ಬ ಜೀವ ಕಳೆದುಕೊಂಡ, ಮುಂದಿನ ಜನ್ಮದಲ್ಲಿ ಆಟಗಾರನಾಗಿ ಹುಟ್ಟಿ ಸೇಡು ತೀರಿಸಿಕೊಳ್ಳುತ್ತೇನೆ ಅಂತ ಚೀಟಿ ಬರೆದಿಟ್ಟು. 'ಅಪ್ಪ ಆಮೇಲೆ ಐದು-ಸೊನ್ನೆ ಅನ್ನೋ ಮಾತನ್ನ ಮನೇಲಿ ಎತ್ತಲಿಲ್ಲ' ಅಂದರು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಡರ್ಬಿ ನಡೆಯುವಾಗ ಗಲಭೆ, ನೂಕುನುಗ್ಗಲಿನಲ್ಲಿ 16 ಜನ ಸತ್ತರು. ಆ ದಿನ ಇಲ್ಲಿ ಇಂದಿಗೂ ರಕ್ತದಾನ ನಡೆಯುತ್ತದೆ. ಕೊಟ್ಟವರ ಕ್ಲಬ್ ಯಾವುದು ಅಂತ ಯಾರೂ ಕೇಳುವುದಿಲ್ಲವಂತೆ.

ನನಗೆ ತೀರಾ ಹಿಡಿಸಿದ್ದು 2024ರ ಆಗಸ್ಟಿನ ಮಾತು. ಆರ್‌ಜಿ ಕರ್ ಆಸ್ಪತ್ರೆಯ ವೈದ್ಯೆಯ ಕೊಲೆಗೆ ಊರೇ ಬೀದಿಗಿಳಿದಿತ್ತು. ಭದ್ರತೆ ಕೊಡಲಾಗದು ಅಂತ ಡುರಾಂಡ್ ಕಪ್ ಡರ್ಬಿ ರದ್ದಾಯಿತು. ಎರಡೂ ಕ್ಲಬ್ಬಿನವರು, ಜೊತೆಗೆ ಊರಿನ ಇನ್ನೊಂದು ಹಳೇ ಕ್ಲಬ್ಬು ಮಹಮೆಡನ್‌ನವರೂ, ಸ್ಟೇಡಿಯಮ್ಮಿನ ಹೊರಗೆ ಒಟ್ಟಿಗೆ ನ್ಯಾಯ ಕೇಳಿದರು, ಪೊಲೀಸರ ಲಾಠಿಯನ್ನೂ ಒಟ್ಟಿಗೆ ತಿಂದರು. 'ನಾನು ಹೋಗಿದ್ದು ಅದೇ ಮಹಡಿ ಮನೆಯವನ ಜೊತೆ. ನಿನ್ನೆ ಪಟಾಕಿ ಹೊಡೆದನಲ್ಲ, ಅವನೇ. ಓಡುವಾಗ ನನ್ನ ಚಪ್ಪಲಿ ಕಿತ್ತುಹೋಯ್ತು, ಅವನು ತನ್ನದು ಬಿಚ್ಚಿ ಕೊಟ್ಟ. ಮನೇಗೆ ಬಂದ ಮೇಲೆ ಕೊಳಕು ಹಸಿರು ಚಪ್ಪಲಿ ನನಗೆ ಬೇಡ ಅಂತ ವಾಪಸ್ ಕೊಟ್ಟೆ.'

ನಮ್ಮ ಬೆಂಗಳೂರು ತಂಡದ ಸುನಿಲ್ ಛೇತ್ರಿ ಬಗ್ಗೆ ಕೇಳಿದೆ. 'ಅವನು ಎರಡೂ ಕಡೆ ಆಡಿದವನು. ನಮ್ಮೂರ ಅಳಿಯ ಕೂಡ. ಮಾವ ಮಾತ್ರ ಮೋಹನ್ ಬಗಾನ್‌ನ ಸುಬ್ರತ ಭಟ್ಟಾಚಾರ್ಯ. ಆಯ್ಕೆ ಸರಿಯಿಲ್ಲ' ಅಂದರು.

ಅಳಿಯ ಅಂದ ಕೂಡಲೆ ಇನ್ನೊಂದು ಬಾಗಿಲು ತೆರೆಯಿತು. ಕಾಕುವಿನ ಅಳಿಯನೂ ಘೋಟಿ, ಅಜ್ಜನ ಕಾಲದಿಂದ ಮೋಹನ್ ಬಗಾನ್. ಬೆಂಗಳೂರಿನಲ್ಲಿ ಮಗಳ ಜೊತೆ ಇರುವವನು. ಮದುವೆ ಮಾತುಕತೆಯಲ್ಲಿ ಜಾತಕಕ್ಕಿಂತ ಹೆಚ್ಚು ಚರ್ಚೆಯಾದದ್ದು ಅದೇ. 'ಒಳ್ಳೇ ಹುಡುಗ. ಅದೇ ಕಷ್ಟ. ನಿನ್ನೆ ಆಟ ಮುಗಿದ ಮೇಲೆ ಫೋನ್ ಮಾಡಿದ. ನಾನು ಬೈಸಿಕೊಳ್ಳೋಕೆ ತಯಾರಾಗಿ ಕೂತಿದ್ದೆ. ಅವನು ಕೋಲ್ಕತ್ತಾದಲ್ಲಿ ಸೆಕೆ ಹೇಗಿದೆ ಅಂದ. ರಾತ್ರಿ ಗಾಳಿ ಬೀಸ್ತಾ ಇದೆಯಾ ಅಂದ. ಬಿಪಿ ಮಾತ್ರೆ ತಗೊಂಡಿರಾ ಅಂದ. ಹತ್ತು ನಿಮಿಷ ಮಾತಾಡಿದ, ಫುಟ್‌ಬಾಲ್ ಅಂತ ಒಂದು ಮಾತಿಲ್ಲ! ಸಾವಿನ ಮನೆಗೆ ಬಂದವರು ಮಾತಾಡ್ತಾರಲ್ಲ, ಹಾಗೆ. ಮಹಡಿ ಮೇಲಿನವನ ಪಟಾಕಿ ವಾಸಿ. ಅವನು ನನ್ನನ್ನ ಇನ್ನೂ ಎದುರಾಳಿ ಅಂದುಕೊಂಡಿದಾನೆ. ಇವನು ಕನಿಕರ ಪಡ್ತಾನೆ.'

ಕುಡಿಕೆಯನ್ನು ಜೋರಾಗಿಯೇ ಬುಟ್ಟಿಗೆ ಎಸೆದರು.

ಉಳಿದ ದಿನಗಳಲ್ಲಿ ಎಲ್ಲರೂ ನೋಡುವುದನ್ನೆಲ್ಲ ನೋಡಿದೆ. ವಿಕ್ಟೋರಿಯಾ ಸ್ಮಾರಕ ಬಿಸಿಲಿಗೆ ಕಣ್ಣು ಕುಕ್ಕಿತು ಅನ್ನುವುದು ಬಿಟ್ಟರೆ ಹೇಳುವುದೇನಿಲ್ಲ. ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್‌ನಲ್ಲಿ ಹರಟೆ ಚೆನ್ನ, ಕಾಫಿ ನಮ್ಮವರು ಬಾಯಿಗಿಡುವಂಥದ್ದಲ್ಲ. ಇಷ್ಟವಾದದ್ದು ಮೈದಾನ. ನಡುವೆ ಉಳಿದಿರುವ ಟ್ರಾಮ್ ಹಳಿ, ಮೇಯುವ ಕುದುರೆಗಳು, ಮರಗಳ ಹಿಂದೆ ಕ್ಲಬ್ಬುಗಳ ಟೆಂಟು. ನೂರು ವರ್ಷದ ಈ ವೈರಿಗಳ ಅಂಗಳಗಳ ನಡುವೆ ಕೆಲವೇ ನಿಮಿಷದ ನಡಿಗೆ. ಎರಡೂ ಕಡೆ ಗೇಟಿನಲ್ಲಿ ಮುದುಕರು ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕಡೆಯವರು ಎದ್ದು ಮಾತಾಡಿಸಿದರು, ಇನ್ನೊಂದು ಕಡೆಯವರು ಕೂತೇ ಇದ್ದರು. ಗೆದ್ದವರು ಯಾರು ಅಂತ ಬಾವುಟ ನೋಡಿಯೇ ತಿಳಿಯಬೇಕಿರಲಿಲ್ಲ.

ಕಾಕುವಿನ ಜೊತೆ ವಾಟ್ಸ್ಆಪ್ ನಂಟು ಉಳಿಯಿತು. ಅದೇ ವರ್ಷದ ಆಗಸ್ಟ್ 17ರ ರಾತ್ರಿ ಫೋಟೊ ಬಂತು: ಅಡುಗೆಮನೆಯ ಕಟ್ಟೆ ಮೇಲೆ ಹೊಳೆಯುವ ಹಿಲ್ಸಾ, ಕೆಳಗೆ '2-1'. ಡುರಾಂಡ್ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಮೋಹನ್ ಬಗಾನ್ ಸೋತಿತ್ತು, ಎರಡೂ ಗೋಲು ಡಯಮಾಂಟಕೋಸ್‌ದು. ಅಳಿಯನಿಗೆ ಫೋನ್ ಮಾಡಿದಿರಾ ಅಂತ ಕೇಳಿದೆ.

'ಮಾಡದೆ ಇರ್ತೀನಾ? ಬೆಂಗಳೂರಲ್ಲಿ ಮಳೆ ಹೇಗಿದೆ ಅಂತ ವಿಚಾರಿಸಿದೆ. ಅರ್ಧ ಗಂಟೆ ಮಾತಾಡಿದೆ.'

ಮೂರು ದಿನ ಕಳೆದು ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಡೈಮಂಡ್ ಹಾರ್ಬರ್ ಅನ್ನುವ ಹೊಸ ತಂಡಕ್ಕೆ 2-1ರಿಂದಲೇ ಸೋತಿತು. ಆ ರಾತ್ರಿ ಅಳಿಯ ಏನು ಕೇಳಿದ ಅಂತ ನಾನು ಕೇಳಲಿಲ್ಲ.