ಕೌದಿ, ಕಸೂತಿ, ಒಂದು ಲೋಟ ಚಹಾ

ಮೂರು ವಾರದಿಂದ ಒಂದೇ ಕೌದಿ (ಹಳೇ ಬಟ್ಟೆ ಸೇರಿಸಿ ಹೊಲಿಯುವ ಹೊದಿಕೆ) ಹಿಡಿದು ಕೂತಿದ್ದೇನೆ. ಅವ್ವನ ಎರಡು ಹಳೇ ಇಳಕಲ್ ಸೀರೆ, ಅಪ್ಪನ ಲುಂಗಿ, ಮಗಳ ಶಾಲೆ ಅಂಗಿ ಎಲ್ಲಾ ಅದರೊಳಗೆ ಸೇರಿವೆ. ಅಂಚಿನಿಂದ ಸುತ್ತುತ್ತಾ ಬಂದಿದ್ದೇನೆ, ಇನ್ನು ನಡುವೆ ಒಂದು ಮೊಳ ಬಾಕಿ.

ಬೇಜಾರಾದಾಗ ಕಸೂತಿ ಎತ್ತಿಕೊಳ್ಳುತ್ತೇನೆ. ಅದರ ಹೊಲಿಗೆಗಳಲ್ಲಿ ಗವಂತಿ, ಮುರ್ಗಿ ಎರಡೂ ಕೈಗೆ ಹತ್ತಿವೆ. ನೇಯ್ಗಿ ಮಾತ್ರ ಇನ್ನೂ ಕಾಡುತ್ತದೆ. ಬಟ್ಟೆ ಮೇಲೆ ಗೆರೆ ಎಳೆಯುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟೂ ಹಾಕಬಾರದು. ನಿನ್ನೆ ಗೋಪುರದ ಚಿತ್ತಾರ ಹಾಕುವಾಗ ಒಂದು ಮೆಟ್ಟಿಲಲ್ಲಿ ಎರಡು ಎಳೆ ತಪ್ಪಿತ್ತು, ಅರ್ಧ ಗೋಪುರ ಬಿಚ್ಚಿದೆ. 2006ರಲ್ಲೇ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆಯಂತೆ, ನನ್ನ ಗೋಪುರಕ್ಕಂತೂ ಸಿಗುವುದಿಲ್ಲ ಬಿಡಿ!

ಕೌದಿಯ ಸುಖವೇ ಬೇರೆ. ಅಲ್ಲಿ ಹೊಲಿಗೆ ಸೊಟ್ಟಗಾದರೂ ಯಾರೂ ಕೇಳುವುದಿಲ್ಲ. ಇವತ್ತು ಅವ್ವನ ಸೀರೆಯ ಸೆರಗು ಹೊಲಿಯುವಾಗ ಒಂದು ಹಳೇ ಅರಿಶಿನದ ಕಲೆ ಕಂಡಿತು. ಮೇಲೆ ಬೇರೆ ತುಂಡು ಹಚ್ಚಬಹುದಿತ್ತು. ಹಚ್ಚಲಿಲ್ಲ, ಸುಮ್ನೆ ಅದರ ಸುತ್ತ ಹೊಲಿದೆ.

ಹೊರಗೆ ಮಳೆ. ಸೂಜಿಗೆ ದಾರ ಪೋಣಿಸೋಕೆ ಮಗಳನ್ನ ಕರೆದರೆ, "ಅವ್ವಾ, ಮೊದಲು ಚಹಾ" ಅಂತಾಳೆ.